ಮನೆಪಾಠವೂ ಪ್ರವೇಶ ಪರೀಕ್ಷೆಯೂ

ಎರಡನೆಯ ಪಿ.ಯು.ಸಿ. ಓದುತ್ತಿರುವ ಮಗನೋ ಮಗಳೋ ಇರುವ ಮನೆಯನ್ನು ಗುರುತಿಸುವುದು ಕಷ್ಟವಲ್ಲ. ಆ ಮನೆಯಲ್ಲಿ ರೇಡಿಯೋದ ದನಿ ತಗ್ಗಿರುತ್ತದೆ. ನೆಂಟರು ಬಂದರೆ ಪಿಸುಮಾತಿನಲ್ಲಿಯೇ ಕುಶಲ ವಿಚಾರಿಸಿಕೊಂಡು ಹೊರಡುತ್ತಾರೆ. ಅಡುಗೆಮನೆಯಲ್ಲಿ ಒಂದು ಲೋಟ ಕೈಜಾರಿ ಬಿದ್ದರೂ ಮನೆಯ ಯಜಮಾನರ ಹುಬ್ಬು ಗಂಟಾಗುತ್ತದೆ. ಇಂಥ ಮನೆಗಳಲ್ಲಿ ಡಿಸೆಂಬರ್ ತಿಂಗಳ ಹೊತ್ತಿಗೆ ತಪ್ಪದೆ ಒಂದು ಮಾತು ಏಳುತ್ತದೆ: "ಇವನಿಗೊಬ್ಬ ಮನೆಪಾಠದ ಮೇಷ್ಟ್ರನ್ನು ಗೊತ್ತುಮಾಡಿದರೆ ಹೇಗೆ?"

ಈ ಪ್ರಶ್ನೆಯನ್ನು ಕೇಳುವವರ ಕಷ್ಟ ನನಗೆ ಗೊತ್ತು. ನಾನೂ ಒಬ್ಬ ತಂದೆ. ಅದಕ್ಕಿಂತ ಮಿಗಿಲಾಗಿ, ಹಲವು ವರ್ಷ ಭೌತಶಾಸ್ತ್ರದ ಪಾಠ ಹೇಳಿ, ನಿವೃತ್ತನಾದ ಮೇಲೆ ಕೆಲಕಾಲ ನಾಲ್ಕಾರು ಮನೆಗಳಿಗೆ ಹೋಗಿ ಮನೆಪಾಠ ಹೇಳಿದವನು. ಆದ್ದರಿಂದ ಮನೆಪಾಠದಿಂದ ಅಂಕ ಹೆಚ್ಚುವುದೆ, ಹೆಚ್ಚುವುದಾದರೆ ಯಾವ ಬಗೆಯಿಂದ ಎಂಬುದನ್ನು ಕುರಿತು ನನ್ನ ಅನುಭವಕ್ಕೆ ಬಂದಷ್ಟನ್ನು ನಿಮ್ಮ ಮುಂದಿಡುತ್ತೇನೆ. ಅನುಭವವೆಂದರೆ ಬಹುಮಟ್ಟಿಗೆ ನಾನು ಮಾಡಿದ ತಪ್ಪುಗಳೇ ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು.

ಮೊದಲು ಪರೀಕ್ಷೆಯ ಸ್ವರೂಪವನ್ನು ನೋಡೋಣ. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ಮುಂತಾದ ಶಿಕ್ಷಣಕ್ಕೆ ಹೋಗಬೇಕೆನ್ನುವವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿ.ಇ.ಟಿ. ಪರೀಕ್ಷೆಗೆ ಕೂರುತ್ತಾರೆ. ಒಂದೊಂದು ವಿಷಯದಲ್ಲಿಯೂ 60 ಪ್ರಶ್ನೆಗಳು, 60 ಅಂಕಗಳು. ಕಾಲಾವಕಾಶ 80 ನಿಮಿಷ. ಪ್ರತಿ ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳು ಅಚ್ಚಾಗಿರುತ್ತವೆ. ಸರಿಯಾದುದನ್ನು ಆರಿಸಿ, ಉತ್ತರಪತ್ರಿಕೆಯಲ್ಲಿ ಅದರ ವೃತ್ತವನ್ನು ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 80 ನಿಮಿಷಗಳನ್ನು 60 ಪ್ರಶ್ನೆಗಳಿಗೆ ಹಂಚಿದರೆ ಒಂದು ಪ್ರಶ್ನೆಗೆ ಬರುವುದು 80 ಸೆಕೆಂಡು. ಓದುವುದು, ಯೋಚಿಸುವುದು, ಲೆಕ್ಕ ಮಾಡುವುದು, ವೃತ್ತ ತುಂಬುವುದು ಎಲ್ಲವೂ ಅಷ್ಟರಲ್ಲಿಯೇ ಮುಗಿಯಬೇಕು.

ಇಲ್ಲಿ ಇನ್ನೊಂದು ಸಂಗತಿಯುಂಟು. ಅನೇಕ ಪೋಷಕರು ಇದನ್ನು ಮರೆಯುತ್ತಾರೆ. ಇಂಜಿನಿಯರಿಂಗಿನ ಶ್ರೇಯಾಂಕವನ್ನು ಕಟ್ಟುವಾಗ ಸಿ.ಇ.ಟಿ. ಅಂಕಗಳಿಗೆ ಅರ್ಧ ತೂಕ. ಉಳಿದ ಅರ್ಧ, ಪಿ.ಯು.ಸಿ. ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದಲ್ಲಿ ಪಡೆದ ಅಂಕಗಳಿಗೆ. ಕಾಲೇಜಿನ ಪಾಠವನ್ನು ಬದಿಗೊತ್ತಿ ಪ್ರವೇಶ ಪರೀಕ್ಷೆಯ ಪಾಠಕ್ಕೇ ಹಗಲಿರುಳು ಓಡುವ ಹುಡುಗ ಬಲಗೈಯಲ್ಲಿ ಗಳಿಸಿದ್ದನ್ನು ಎಡಗೈಯಲ್ಲಿ ಚೆಲ್ಲುತ್ತಾನೆ.

ಇನ್ನು ನನ್ನ ಕಥೆ. 2014ರ ಅಕ್ಟೋಬರಿನಲ್ಲಿ ಒಬ್ಬರು ತಮ್ಮ ಮಗನಿಗೆ ಭೌತಶಾಸ್ತ್ರ ಹೇಳಿಕೊಡಬೇಕೆಂದು ನನ್ನನ್ನು ಕೇಳಿಕೊಂಡರು. ಅವರದು ಒಂದು ಸಣ್ಣ ಅಂಗಡಿ. ತಿಂಗಳ ಮೊದಲ ವಾರದಲ್ಲಿ ಒಂದು ಲಕೋಟೆಯಲ್ಲಿ ಹಣವಿಟ್ಟು, ಎರಡು ಕೈಯಲ್ಲಿಯೂ ಹಿಡಿದು ಕೊಡುತ್ತಿದ್ದರು. ಹುಡುಗ ಸೌಮ್ಯ ಸ್ವಭಾವದವನು. ವಾರಕ್ಕೆ ಮೂರು ಸಂಜೆ ನಾನು ಹೋಗಿ ಕೂರುವುದು, ಒಂದು ಲೆಕ್ಕವನ್ನೋದಿ ಬಿಡಿಸಿ ತೋರಿಸುವುದು, "ತಿಳಿಯಿತೆ?" ಎಂದು ಕೇಳುವುದು, ಅವನು ತಲೆಯಾಡಿಸುವುದು, ಇನ್ನೊಂದು ಲೆಕ್ಕಕ್ಕೆ ಹೋಗುವುದು. ಒಂದೊಂದು ಸಂಜೆಗೆ ಹದಿನೈದು ಇಪ್ಪತ್ತು ಲೆಕ್ಕ ಮುಗಿಯುತ್ತಿದ್ದುವು. ನನ್ನ ಕೈಬರಹದಿಂದ ಅವನ ನೋಟುಪುಸ್ತಕಗಳು ತುಂಬಿದುವು. ಪಕ್ಕದ ಕೋಣೆಯಲ್ಲಿ ಕುಳಿತಿರುತ್ತಿದ್ದ ತಾಯಿಗೆ ನನ್ನ ದನಿ ಕೇಳಿಸುತ್ತಿತ್ತು. ಪಾಠ ಚೆನ್ನಾಗಿ ನಡೆಯುತ್ತಿದೆಯೆಂದು ಅವರು ಸಂತೋಷಪಡುತ್ತಿದ್ದರು. ನಿಜ ಹೇಳಬೇಕೆಂದರೆ, ನನಗೂ ಹಾಗೆಯೇ ತೋರುತ್ತಿತ್ತು.

ಜನವರಿಯಲ್ಲಿ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಅವನ ಮುಂದಿಟ್ಟು, ಗಡಿಯಾರ ನೋಡಿ 80 ನಿಮಿಷ ಕೊಟ್ಟೆ. ಅರುವತ್ತಕ್ಕೆ 24 ಬಂತು. ನಾನು ಪಾಠಕ್ಕೆ ಬರುವ ಮೊದಲು ಕಾಲೇಜಿನಲ್ಲಿ ನಡೆದ ಇಂಥದೇ ಪರೀಕ್ಷೆಯಲ್ಲಿ ಅವನಿಗೆ ಎಷ್ಟು ಬಂದಿತ್ತೆಂದು ವಿಚಾರಿಸಿದೆ. ಅವನು ತಲೆ ತಗ್ಗಿಸಿ, "ಇಪ್ಪತ್ತನಾಲ್ಕೇ, ಸರ್" ಎಂದ.

ಮೂರು ತಿಂಗಳು ಪಾಠ ಹೇಳಿದ್ದೆ. ಮೂರು ಲಕೋಟೆ ತೆಗೆದುಕೊಂಡಿದ್ದೆ. ಲಾಭವಾಗಿದ್ದರೆ ಆದದ್ದು ನನಗೆ ಮಾತ್ರ: ಭೌತಶಾಸ್ತ್ರದ ಲೆಕ್ಕಗಳಲ್ಲಿ ನನ್ನ ಕೈ ಇನ್ನಷ್ಟು ಚುರುಕಾಗಿತ್ತು! 'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ' ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಮೇಷ್ಟ್ರು ಮಾಡಿದ ಲೆಕ್ಕಕ್ಕೂ ಅದು ಅನ್ವಯಿಸುತ್ತದೆಂದು ಅಂದು ಹೊಳೆಯಿತು.

ಆ ಸಂಜೆ ಹೊಸ ಲೆಕ್ಕಕ್ಕೆ ಕೈಹಾಕಲಿಲ್ಲ. ಅಂಕ ಬಾರದೆ ಹೋದ 36 ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದುಕೊಂಡು, "ಇದನ್ನು ನೀನು ಹೇಗೆ ಯೋಚಿಸಿದೆ, ಬಾಯಿಬಿಟ್ಟು ಹೇಳು" ಎಂದು ಕೇಳುತ್ತ ಬಂದೆ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಮೇಷ್ಟ್ರಾದವನಿಗೆ ಇದು ಸುಲಭವಲ್ಲ. ಒಂದು ಹಾಳೆಯಲ್ಲಿ ಮೂರು ಕಂಬಸಾಲು ಎಳೆದೆವು. ಮೊದಲನೆಯದು, ವಿಷಯವೇ ತಿಳಿಯದ್ದು. ಎರಡನೆಯದು, ತಿಳಿದಿದ್ದೂ ತಪ್ಪಿದ್ದು. ಮೂರನೆಯದು, ಸಮಯ ಸಾಲದೆ ಕಣ್ಣುಮುಚ್ಚಿ ಗುರುತು ಹಾಕಿದ್ದು ಅಥವಾ ಬಿಟ್ಟದ್ದು. ಎಲ್ಲ ಮುಗಿದಾಗ ಮೊದಲನೆಯ ಸಾಲಿನಲ್ಲಿ 10, ಎರಡನೆಯದರಲ್ಲಿ 15, ಮೂರನೆಯದರಲ್ಲಿ 11 ಪ್ರಶ್ನೆಗಳಿದ್ದುವು. ನಾನು ಮೂರು ತಿಂಗಳು ಶ್ರಮಪಟ್ಟದ್ದೆಲ್ಲ ಆ ಹತ್ತಕ್ಕಾಗಿ. ಉಳಿದ ಇಪ್ಪತ್ತಾರರ ಕಡೆಗೆ ತಿರುಗಿಯೂ ನೋಡಿರಲಿಲ್ಲ.

ತಿಳಿದಿದ್ದೂ ತಪ್ಪುವುದೆಂದರೆ ಏನು? ಒಂದು ಉದಾಹರಣೆ ಕೊಡುತ್ತೇನೆ. ನೀವೂ ಮಾಡಿ ನೋಡಬಹುದು. ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಕಾರು, ಬ್ರೇಕು ಹಾಕಿದ ಮೇಲೆ ಒಂದೇ ಸಮನೆ ವೇಗ ತಗ್ಗುತ್ತ 4 ಸೆಕೆಂಡಿನಲ್ಲಿ ನಿಂತಿತು. ಅಷ್ಟರೊಳಗೆ ಅದು ಎಷ್ಟು ದೂರ ಸಾಗಿತು? ಗಂಟೆಗೆ 72 ಕಿಲೋಮೀಟರೆಂದರೆ ಸೆಕೆಂಡಿಗೆ 20 ಮೀಟರು. ವೇಗ ಇಪ್ಪತ್ತರಿಂದ ಸೊನ್ನೆಗೆ ಇಳಿದಿದೆ, ಸರಾಸರಿ 10. ನಾಲ್ಕು ಸೆಕೆಂಡಿಗೆ 40 ಮೀಟರು. ನಮ್ಮ ಹುಡುಗನಿಗೆ ಸರಾಸರಿ ವೇಗದ ವಿಚಾರ ಚೆನ್ನಾಗಿ ಗೊತ್ತಿತ್ತು. ಆದರೆ ಕಿಲೋಮೀಟರನ್ನು ಮೀಟರಿಗೆ, ಗಂಟೆಯನ್ನು ಸೆಕೆಂಡಿಗೆ ಬದಲಾಯಿಸುವುದನ್ನು ಅವಸರದಲ್ಲಿ ಮರೆಯುತ್ತಿದ್ದ. 72ರ ಅರ್ಧ 36, ಅದನ್ನು ನಾಲ್ಕರಿಂದ ಗುಣಿಸಿದರೆ 144. ಕೊಟ್ಟಿರುವ ನಾಲ್ಕು ಉತ್ತರಗಳಲ್ಲಿ 144 ಎಂಬುದೂ ಒಂದು! ಅದನ್ನು ಕಂಡೊಡನೆ 'ನನ್ನ ಉತ್ತರ ಇಲ್ಲಿಯೇ ಇದೆ' ಎಂಬ ಧೈರ್ಯ ಬರುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವವರು ತಪ್ಪು ಉತ್ತರಗಳನ್ನು ಬಾಯಿಗೆ ಬಂದಂತೆ ಬರೆಯುವುದಿಲ್ಲ. ವಿದ್ಯಾರ್ಥಿ ಎಲ್ಲಿ ಎಡವಬಹುದೆಂದು ಮೊದಲೇ ಯೋಚಿಸಿ, ಎಡವಿದವನಿಗೆ ಸಿಗುವ ಉತ್ತರವನ್ನೇ ಅಲ್ಲಿಟ್ಟಿರುತ್ತಾರೆ. ಆದ್ದರಿಂದ ತನ್ನ ಉತ್ತರ ಪಟ್ಟಿಯಲ್ಲಿದೆ ಎಂಬುದು ಅದು ಸರಿಯೆಂಬುದಕ್ಕೆ ಸಾಕ್ಷಿಯಲ್ಲ.

ಎರಡನೆಯ ಸಾಲಿನ ಹದಿನೈದು ತಪ್ಪುಗಳಲ್ಲಿ ಆರು ಈ ಮಾನಗಳ ಬದಲಾವಣೆಯವು. ನಾಲ್ಕು ಹತ್ತರ ಘಾತಗಳವು. ಮೂರು ಕಡೆ 'ಯಾವುದು ಸರಿಯಲ್ಲ' ಎಂದು ಕೇಳಿದ್ದನ್ನು 'ಯಾವುದು ಸರಿ' ಎಂದು ಓದಿಕೊಂಡಿದ್ದ. ಇವಕ್ಕೆ ಹೊಸ ಪಾಠ ಬೇಕಿರಲಿಲ್ಲ. ಪ್ರಶ್ನೆಯಲ್ಲಿರುವ ಮಾನಗಳ ಕೆಳಗೆ ಗೆರೆ ಎಳೆಯುವ, 'ಅಲ್ಲ' ಎಂಬ ಮಾತಿನ ಸುತ್ತ ಒಂದು ಸುತ್ತು ಹಾಕುವ ಅಭ್ಯಾಸ ಬೇಕಾಗಿತ್ತು. ಇಷ್ಟು ಸಣ್ಣ ವಿಷಯವೆ ಎಂದೀರಿ. ತನ್ನ ತಪ್ಪು ಇಂಥದೇ ಎಂದು ಅವನಿಗೆ ತಿಳಿಯುವವರೆಗೆ ಅದು ಸಣ್ಣದಾಗಿರಲಿಲ್ಲ. "ನಾನು ದಡ್ಡ" ಎಂದು ಅವನು ತನ್ನೊಳಗೇ ತೀರ್ಮಾನಿಸಿಬಿಟ್ಟಿದ್ದ. ಆ ಹಾಳೆಯನ್ನು ನೋಡಿದ ಮೇಲೆ, "ಹಾಗಾದರೆ ನನಗೆ ಗೊತ್ತಿರುವುದೇ ಹೆಚ್ಚು, ಅಲ್ಲವೆ ಸರ್?" ಎಂದು ಕೇಳಿದ. ಮೂರು ತಿಂಗಳಲ್ಲಿ ಅವನು ತಾನಾಗಿಯೇ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

ಮೂರನೆಯ ಸಾಲು ಸಮಯದ್ದು. ಅವನು ಒಂದನೆಯ ಪ್ರಶ್ನೆಯಿಂದ ಹೊರಟು ವರಸೆಯಾಗಿ ಹೋಗುತ್ತಿದ್ದ. ಏಳನೆಯದು ಗಟ್ಟಿಯಾಗಿದ್ದರೆ ಅಲ್ಲಿಯೇ ಐದು ನಿಮಿಷ ಗುದ್ದಾಡುತ್ತಿದ್ದ. ಕೊನೆಯಲ್ಲಿದ್ದ ಸುಲಭ ಪ್ರಶ್ನೆಗಳನ್ನು ಅವನು ಓದಲೂ ಇಲ್ಲ. ಎಲ್ಲ ಪ್ರಶ್ನೆಗೂ ಒಂದೇ ಅಂಕ ಎಂದ ಮೇಲೆ, ಮರದ ತುದಿಯ ಹಣ್ಣಿಗಾಗಿ ಕೈಗೆ ಸಿಗುವ ಹಣ್ಣನ್ನು ಬಿಡುವುದು ಜಾಣತನವೆ? ಮೊದಲ ಸುತ್ತಿನಲ್ಲಿ ಕಂಡೊಡನೆ ಹೊಳೆಯುವುವು. ಎರಡನೆಯ ಸುತ್ತಿನಲ್ಲಿ ಲೆಕ್ಕ ಮಾಡಬೇಕಾದುವು. ಮೂರನೆಯ ಸುತ್ತಿನಲ್ಲಿ ಉಳಿದುವು. ಈ ಕ್ರಮವನ್ನು ನಿಯಮವಾಗಿ ಇಟ್ಟುಕೊಂಡೆವು.

ಉಳಿದುವನ್ನು ಏನು ಮಾಡಬೇಕು? ಇಲ್ಲಿ ಸ್ವಲ್ಪ ಲೆಕ್ಕವಿದೆ. ಏನೂ ತಿಳಿಯದ 12 ಪ್ರಶ್ನೆಗಳಿವೆ ಎನ್ನಿ. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಗುರುತುಮಾಡುತ್ತ ಹೋದರೆ ಸರಾಸರಿ 3 ಸರಿಯಾದಾವು. ಖಂಡಿತ ತಪ್ಪೆಂದು ತೋರುವ ಒಂದು ಉತ್ತರವನ್ನು ಹೊಡೆದುಹಾಕಬಲ್ಲವನಾದರೆ 4. ಎರಡನ್ನು ಹೊಡೆದುಹಾಕಬಲ್ಲವನಾದರೆ 6. ಸಿ.ಇ.ಟಿ.ಯಲ್ಲಿ ಅಂಕ ಕಳೆಯುವ ಪದ್ಧತಿಯಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡುವುದು ಸಲ್ಲದು. ವೈದ್ಯಕೀಯಕ್ಕೆ ಹೋಗುವವರ ನೀಟ್ ಪರೀಕ್ಷೆಯ ನಿಯಮವೇ ಬೇರೆ. 2025ರಲ್ಲಿ ಅಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷ ಕೊಟ್ಟಿದ್ದರು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅಲ್ಲಿ 12 ಪ್ರಶ್ನೆಗಳನ್ನು ಕುರುಡಾಗಿ ಗುರುತುಮಾಡಿದರೆ ಸರಾಸರಿ 12 ಅಂಕ ಬಂದು 9 ಹೋಗುತ್ತವೆ. ಉಳಿಯುವುದು ಮೂರೇ, ಅದೂ ಅದೃಷ್ಟದ ಮಾತು. ಎರಡು ತಪ್ಪು ಉತ್ತರಗಳನ್ನು ಹೊಡೆದುಹಾಕಬಲ್ಲವನಿಗೆ ಮಾತ್ರ 24 ಬಂದು 6 ಹೋಗಿ, 18 ಉಳಿಯುತ್ತವೆ. ಒಂದು ಪರೀಕ್ಷೆಯ ಉಪಾಯವನ್ನು ಇನ್ನೊಂದಕ್ಕೆ ತಂದು ಹಚ್ಚಬಾರದು. ನಿಮ್ಮ ಮೇಷ್ಟ್ರಿಗೆ ಈ ವ್ಯತ್ಯಾಸ ತಿಳಿದಿದೆಯೆ ಎಂದು ಮೊದಲ ದಿನವೇ ಕೇಳಿ ನೋಡಿ.

ಇನ್ನು ಮೊದಲನೆಯ ಸಾಲು, ವಿಷಯವೇ ತಿಳಿಯದ್ದು. ಇದಕ್ಕೆ ಪಾಠ ಬೇಕು, ನಿಜ. ಆದರೆ ಪಾಠ ಕೇಳಿದ ಮಾತ್ರಕ್ಕೆ, ಪುಸ್ತಕವನ್ನು ಮೂರು ಸಲ ಓದಿದ ಮಾತ್ರಕ್ಕೆ ಅದು ನೆಲೆ ನಿಲ್ಲುವುದಿಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದರು. ಮತ್ತೆ ಕೆಲವರು ಓದಿದ್ದನ್ನು ಮುಚ್ಚಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷದ ಮೇಲೆ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ಮೇಲೆ ನೋಡಿದರೆ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರು ಮುಂದಿದ್ದರು. ಓದುತ್ತಿರುವಾಗ 'ತಿಳಿಯಿತು' ಎಂಬ ಭಾವನೆ ಬರುತ್ತದೆಯಲ್ಲ, ಅದನ್ನು ಅಷ್ಟಾಗಿ ನಂಬಬೇಡಿ ಎಂಬುದು ಇದರ ಸಾರ. ಆ ಹುಡುಗನ ತಲೆಯಾಡಿಸುವಿಕೆಯನ್ನು ನಾನು ನಂಬಿ ಕೆಟ್ಟದ್ದು ಹೀಗೆಯೇ.

ಹೀಗಾಗಿ ಪಾಠದ ಕ್ರಮವನ್ನೇ ಬದಲಾಯಿಸಿದೆವು. ಮೂರು ಸಂಜೆಯ ಬದಲು ಎರಡೇ ಸಂಜೆ. ಲೇಖನಿ ಅವನ ಕೈಯಲ್ಲಿ. ನನ್ನ ಕೈ ಖಾಲಿ. ನಾನಿಲ್ಲದ ದಿನ ಅವನೊಬ್ಬನೇ ಗಡಿಯಾರವಿಟ್ಟುಕೊಂಡು ಇಪ್ಪತ್ತು ಪ್ರಶ್ನೆ ಮಾಡುವುದು. ತಪ್ಪುಗಳನ್ನು ಮೂರು ಸಾಲುಗಳಲ್ಲಿ ತಾನೇ ಹಂಚಿ ಬರೆಯುವುದು. ನಾನು ಬಂದಾಗ ಆ ಹಾಳೆಯಿಂದಲೇ ಮಾತು ಆರಂಭವಾಗುವುದು. ತಪ್ಪಿದ ಪ್ರಶ್ನೆಯನ್ನು ವಾರದ ಮೇಲೆ ಮತ್ತೊಮ್ಮೆ, ಉತ್ತರ ನೋಡದೆ ಬಿಡಿಸುವುದು. ಹದಿನೈದು ದಿನಕ್ಕೊಮ್ಮೆ ಪೂರ್ತಿ ಪತ್ರಿಕೆ. ಹಳೆಯ ಪ್ರಶ್ನೆಪತ್ರಿಕೆಗಳಿಗೆ ಹಣ ಕೊಡಬೇಕಾಗಿಲ್ಲ. ಪರೀಕ್ಷಾ ಪ್ರಾಧಿಕಾರವೇ ಅವನ್ನು ತನ್ನ ಜಾಲತಾಣದಲ್ಲಿ ಇರಿಸಿದೆ.

ಫಲವೇನಾಯಿತು? ಮೊದಲ ಎರಡು ವಾರ ಅಂಕ ಏರಲಿಲ್ಲ. ಅನಂತರ 29, 33. ಪರೀಕ್ಷೆಗೆ ಮುನ್ನಿನ ವಾರ 38. ಅರುವತ್ತಕ್ಕೆ ಅರುವತ್ತು ಬಂತೆಂದು ಹೇಳಿ ನಿಮ್ಮನ್ನು ಬೆರಗುಗೊಳಿಸಲಾರೆ. ಮೊದಲ ವರ್ಷದ ಪಾಠದಲ್ಲಿಯೇ ಕೆಲವು ಕಡೆ ಬುನಾದಿ ಸಡಿಲವಾಗಿತ್ತು. ಅದನ್ನು ಕಟ್ಟುವಷ್ಟು ಕಾಲ ಉಳಿದಿರಲಿಲ್ಲ. ನಾನು ವ್ಯರ್ಥ ಮಾಡಿದ ಮೂರು ತಿಂಗಳು ಕೈಯಲ್ಲಿದ್ದಿದ್ದರೆ ಇನ್ನೂ ಏನಾದರೂ ಆಗುತ್ತಿತ್ತೋ ಏನೋ. ಅವನಿಗೆ ಬೇಕೆನಿಸಿದ ಕಾಲೇಜು ಸಿಗಲಿಲ್ಲ, ಎರಡನೆಯದು ಸಿಕ್ಕಿತು. ಆ ಮೂರು ಲಕೋಟೆಗಳನ್ನು ನಾನು ಹಿಂತಿರುಗಿಸಲಿಲ್ಲ. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ. ಈಗ ನೆನೆದರೆ ಸಂಕೋಚವಾಗುತ್ತದೆ.

ಈ ಹಣದ ಮಾತನ್ನು ಸುಮ್ಮನೆ ಎತ್ತಲಿಲ್ಲ. ಕೋಚಿಂಗ್ ಕೇಂದ್ರಗಳನ್ನು ಕುರಿತು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. 16 ವರ್ಷ ತುಂಬದ ಮಕ್ಕಳನ್ನು ಸೇರಿಸಿಕೊಳ್ಳಬಾರದು, ಇಂತಿಷ್ಟು ಶ್ರೇಯಾಂಕ ಬರುವುದೆಂದು ಭರವಸೆ ಕೊಡಬಾರದು, ಹಣ ಪೂರ್ತಿ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಹಿಂತಿರುಗಿಸಬೇಕು ಎಂದು ಅದರಲ್ಲಿದೆ. ಆದರೆ ಅದು ಹೇಳುವುದು ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ. ಮನೆಗೆ ಬಂದು ಪಾಠ ಹೇಳುವ ಒಬ್ಬ ಮೇಷ್ಟ್ರಿಗೆ ಅದು ತಗಲುವುದಿಲ್ಲ. ಅಲ್ಲಿ ತಾಯಿತಂದೆಗಳ ಕಣ್ಣೇ ಕಾವಲು. ವರ್ಷದ ಹಣವನ್ನು ಒಟ್ಟಿಗೆ ಕೊಡಬೇಡಿ. ತಿಂಗಳಿಗೆ ತಿಂಗಳು ಕೊಡಿ. ರ‍್ಯಾಂಕ್ ಬರಿಸಿಯೇ ತೀರುತ್ತೇನೆನ್ನುವವರನ್ನು ಕೈಮುಗಿದು ಕಳುಹಿಸಿ. ಬಂದ ದಿನವೇ ಪಾಠಕ್ಕೆ ಕೈಹಾಕದೆ, "ಹುಡುಗಿ ಬರೆದ ಹಿಂದಿನ ಉತ್ತರಪತ್ರಿಕೆ ತೋರಿಸಿ" ಎಂದು ಕೇಳುವವರನ್ನು ಬಿಡಬೇಡಿ. ನಾಡಿ ನೋಡದೆ ಮದ್ದು ಕೊಡುವ ವೈದ್ಯನನ್ನು ನಾವು ಒಪ್ಪುತ್ತೇವೆಯೆ?

ಇನ್ನೊಂದು ಮಾತು. ಎಲ್ಲರಿಗೂ ಮನೆಪಾಠದ ಮೇಷ್ಟ್ರು ಬೇಕೇಬೇಕೆಂದಿಲ್ಲ. ಆ ಮೂರು ಸಾಲುಗಳ ಹಾಳೆಯನ್ನು ತಾಯಿಯಾದರೂ ಹಿಡಿದು ಕೂರಬಹುದು, ಅಕ್ಕನಾದರೂ ಕೂರಬಹುದು. ಭೌತಶಾಸ್ತ್ರ ತಿಳಿದಿರಬೇಕಾಗಿಲ್ಲ. "ಇದು ಯಾಕೆ ತಪ್ಪಾಯಿತು?" ಎಂದು ಗದರಿಸದೆ ಕೇಳಿ, ಹೇಳುವವರೆಗೆ ಕಾಯುವ ತಾಳ್ಮೆಯಿದ್ದರೆ ಅರ್ಧ ಕೆಲಸವಾಯಿತು. ತಿಳಿಯದ ಹತ್ತು ಪ್ರಶ್ನೆಗಳನ್ನು ಕಾಲೇಜಿನ ಉಪಾಧ್ಯಾಯರ ಬಳಿಗೆ ಒಯ್ದರೆ ಇಲ್ಲವೆನ್ನುವವರು ಕಡಮೆ. 'ಎಲ್ಲವೂ ತಿಳಿಯದು' ಎಂದು ಬರುವ ವಿದ್ಯಾರ್ಥಿಗಿಂತ, 'ಇಷ್ಟು ತಿಳಿಯದು' ಎಂದು ಬರುವ ವಿದ್ಯಾರ್ಥಿಗೆ ನೆರವಾಗುವುದು ಬಹಳ ಸುಲಭ.

ಮೇಷ್ಟ್ರನ್ನು ಗೊತ್ತುಮಾಡಿಕೊಂಡವರಿಗಾಗಿ ಕೊನೆಯದಾಗಿ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಇದಕ್ಕೆ ಓದಿಕೊಳ್ಳಬೇಕಾಗಿಲ್ಲ. ಮುಂದಿನ ಸಲ ಮೇಷ್ಟ್ರು ಬಂದು ಅರ್ಧ ಗಂಟೆಯಾದ ಮೇಲೆ, ಕಾಫಿ ಕೊಡುವ ನೆಪದಲ್ಲಿ ಬಾಗಿಲ ಬಳಿ ಒಂದು ಗಳಿಗೆ ನಿಂತು ಆಲಿಸಿ. ಒಳಗಿನಿಂದ ಕೇಳುತ್ತಿರುವುದು ಯಾರ ದನಿ? ಮೇಷ್ಟ್ರ ದನಿಯೊಂದೇ ಎಡೆಬಿಡದೆ ಕೇಳುತ್ತಿದ್ದರೆ, ನಾನು ಪಾಠ ಹೇಳುತ್ತಿದ್ದ ಆ ಮೂರು ತಿಂಗಳನ್ನು ನೆನಪಿಗೆ ತಂದುಕೊಳ್ಳಿ. ಮಗುವಿನ ದನಿ ಕೇಳುತ್ತಿದ್ದರೆ, ಅದು ತಡವರಿಸುತ್ತಿದ್ದರೂ ಸರಿಯೆ, ನಡುನಡುವೆ ಮೌನವಿದ್ದರೂ ಸರಿಯೆ, ಕಾಫಿಯನ್ನು ಸ್ವಲ್ಪ ಹೊತ್ತು ತಡೆದು ಕೊಡಿ.